ಉಪ್ಪುಗಾಳಿಯಲ್ಲಿ ಓಟದ ಬೈಕು

ಮಳೆ ಹಿಂದೆ ಸರಿದು ನವರಾತ್ರಿ ಹತ್ತಿರವಾಗುತ್ತಿದ್ದಂತೆ ಬ್ರಹ್ಮಾವರ, ಕೋಟ, ಕುಂದಾಪುರ, ಹೆಮ್ಮಾಡಿ, ಬೈಂದೂರುಗಳ ಬೈಕ್ ಗ್ಯಾರೇಜುಗಳಿಗೆ ಬಿಡುವಿಲ್ಲದ ಕಾಲ ಆರಂಭವಾಗುತ್ತದೆ. ನಾಲ್ಕು ತಿಂಗಳು ಜಗಲಿಯ ಮೂಲೆಯಲ್ಲೋ ಕೊಟ್ಟಿಗೆಯ ಮಾಡಿನಡಿಯಲ್ಲೋ ಟಾರ್ಪಾಲು ಹೊದ್ದು ನಿಂತಿದ್ದ ಬೈಕುಗಳು ಒಂದೊಂದಾಗಿ ಬೆಳಕಿಗೆ ಬರುತ್ತವೆ. ಕೆಲವನ್ನು ತಳ್ಳಿಕೊಂಡೇ ತರಬೇಕಾಗುತ್ತದೆ. ಬ್ಯಾಟರಿ ಸತ್ತಿರುತ್ತದೆ, ಚೈನು ಕೆಂಪಾಗಿರುತ್ತದೆ, ಹಿಡಿದ ಬ್ರೇಕು ಬಿಡದೆ ಚಕ್ರ ತಿರುಗಲು ಹಟ ಮಾಡುತ್ತದೆ. ಆಯುಧಪೂಜೆಯ ದಿನ ತೊಳೆದು, ಹೂಮಾಲೆ ಹಾಕಿ, ಚಕ್ರದಡಿ ನಿಂಬೆಹಣ್ಣು ಇಡುವಷ್ಟರಲ್ಲಿ ಗಾಡಿ ಓಡುವಂತಾಗಬೇಕೆಂಬುದು ಎಲ್ಲರ ಅವಸರ.

ಈ ಸಾಲಿನಲ್ಲಿ ಹುಡುಗರ ಕಣ್ಣು ಮೊದಲು ಹೋಗುವುದು ಮುಂದಕ್ಕೆ ಬಾಗಿದ ಮೈಯ, ಬಣ್ಣದ ಹೊದಿಕೆಯ ಸ್ಪೋರ್ಟ್ಸ್ ಬೈಕಿನ ಕಡೆಗೆ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಹೋಟೆಲು ನಡೆಸುವ, ಹೋಟೆಲಿನಲ್ಲಿ ದುಡಿಯುವ ಮನೆಗಳು ಈ ಸೀಮೆಯಲ್ಲಿ ಬಹಳ. ಅಣ್ಣ ಕಳಿಸಿದ ಹಣದಲ್ಲಿ ತಮ್ಮನಿಗೆ ಬೈಕು ಬರುವುದುಂಟು. ಊರಿಗೆ ಬಂದಾಗ ಓಡಿಸಲೆಂದು ಅಣ್ಣನೇ ಕೊಂಡು ಮನೆಯಲ್ಲಿ ನಿಲ್ಲಿಸಿ ಹೋಗುವುದೂ ಉಂಟು. ಕೊಳ್ಳುವಾಗ ಎಲ್ಲರೂ ಕೇಳುವ ಪ್ರಶ್ನೆ ಎಷ್ಟು ಸಿಸಿ, ಎಷ್ಟು ಸ್ಪೀಡು ಎಂದು. ಕಡಲು ಮತ್ತು ಘಟ್ಟದ ನಡುವಿನ, ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಪಟ್ಟಿಯಲ್ಲಿ ಅದನ್ನು ಹೇಗೆ ಉಳಿಸಿಕೊಳ್ಳುವುದು ಎಂದು ಕೇಳುವವರು ಕಡಿಮೆ. ಆದರೆ ಅಂಥ ಬೈಕಿನ ಆಯುಷ್ಯವೂ ಅನೇಕ ಸಲ ಸವಾರನ ಆಯುಷ್ಯವೂ ನಿಂತಿರುವುದು ಈ ಎರಡನೆಯ ಪ್ರಶ್ನೆಯ ಮೇಲೆ.

ಕೋಣ ಸಾಕಿದ ನಾಡು

ವೇಗದ ಗೀಳು ಕರಾವಳಿಗೆ ಪೆಟ್ರೋಲಿನ ಜೊತೆ ಬಂದದ್ದಲ್ಲ. ಕೆಸರುಗದ್ದೆಯಲ್ಲಿ ಕೋಣಗಳನ್ನು ಓಡಿಸುವ ಕಂಬಳ ಇಲ್ಲಿಯ ಹಳೆಯ ಆಟ, ಹಲವು ಮನೆತನಗಳಿಗೆ ಅದು ದೈವದ ಹರಕೆಯೂ ಹೌದು. ಕುಂದಾಪುರ ಸೀಮೆಯಲ್ಲಿ ವಂಡಾರಿನ ಕಂಬಳ ಹೆಸರಾದುದು. 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು, ಎಂದರೆ ಓಟದ ಕೆಸರು ಹಾದಿಯನ್ನು, ಕೋಣಗಳೊಂದಿಗೆ 13.62 ಸೆಕೆಂಡುಗಳಲ್ಲಿ ಮುಗಿಸಿದ ಸುದ್ದಿ ದೇಶದಾಚೆಗೂ ಹೋಯಿತು.

ಓಟ ಹದಿಮೂರು ಸೆಕೆಂಡಿನದಾದರೂ ಅದರ ಹಿಂದಿನ ದುಡಿಮೆ ವರ್ಷದ್ದು. ಕೋಣಕ್ಕೆ ಹುರುಳಿ ಬೇಯಿಸಿ ಹಾಕಬೇಕು, ಮೈಗೆ ಎಣ್ಣೆ ತಿಕ್ಕಬೇಕು, ನೀರಿನಲ್ಲಿ ಈಜಾಡಿಸಬೇಕು, ಗೊರಸು ನೋಡಬೇಕು, ಸೊಳ್ಳೆ ಕಚ್ಚದಂತೆ ಹಟ್ಟಿ ಕಾಯಬೇಕು. ಓಡಿಸುವವನ ಹೆಸರಿನ ಜೊತೆಗೆ ಸಾಕಿದ ಮನೆಯ ಹೆಸರನ್ನೂ ಕಂಬಳದ ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಕೋಣ ಕಟ್ಟಿಹಾಕಿ ಮರೆತು ಓಟದ ದಿನ ಬಿಚ್ಚಿದರೆ ಓಡುವುದಿಲ್ಲವೆಂಬುದು ಕರಾವಳಿಯ ಮಗುವಿಗೂ ಗೊತ್ತು. ಓಟದ ಬೈಕಿನ ವಿಷಯದಲ್ಲಿ ಮಾತ್ರ ಈ ತಿಳಿವಳಿಕೆ ಇನ್ನೂ ಪೂರ್ತಿ ಬಂದಿಲ್ಲ.

ಮೈಸೂರಿನಿಂದ ಹೊಸೂರಿಗೆ

ಕರ್ನಾಟಕಕ್ಕೆ ಮೋಟಾರ್ ಸೈಕಲಿನ ಮೋಹ ಹಿಡಿಸಿದ್ದು ಮುಖ್ಯವಾಗಿ ಮೈಸೂರು. 1960ರ ದಶಕದ ಆರಂಭದಲ್ಲಿ ಇರಾನಿ ಕುಟುಂಬದ ಐಡಿಯಲ್ ಜಾವಾ ಕಂಪನಿ ಜೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ಜಾವಾ ಬೈಕುಗಳನ್ನು ಅಲ್ಲಿ ತಯಾರಿಸಲು ತೊಡಗಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 250 ಸಿಸಿಯ ಎರಡು ಸ್ಟ್ರೋಕಿನ ಎಂಜಿನು, ಎರಡು ಸೈಲೆನ್ಸರು, ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರಿನ ಲಿವರ್ ಆಗುವ ಚಮತ್ಕಾರ ಇವೆಲ್ಲ ಆ ತಲೆಮಾರಿನವರಿಗೆ ಬಾಯಿಪಾಠ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಬೇರೆ ಕಂಪನಿಯ ಮೂಲಕ ಮಾರುಕಟ್ಟೆಗೆ ಮರಳಿದವು.

ವೇಗದ ಲೆಕ್ಕವನ್ನೇ ಬದಲಿಸಿದ್ದು 1980ರ ದಶಕ. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾದ ವಿನ್ಯಾಸದ ರಾಜದೂತ್ 350 ಬೈಕನ್ನು ತಂದಿತು. ಎರಡು ಸಿಲಿಂಡರುಗಳ ಆ ಬೈಕು ಭಾರತದ ರಸ್ತೆಗೆ ಅತಿಯಾಯಿತು. ಕುಡಿಯುವ ಪೆಟ್ರೋಲು ಜನರ ಜೇಬಿಗೆ ಅತಿಯಾಯಿತು. ಆದರೆ 1985ರಲ್ಲಿ ಅದೇ ಮನೆಯಿಂದ ಬಂದ ಯಮಹಾ ಆರ್‌ಎಕ್ಸ್ 100 ಎಲ್ಲರ ಮನಸ್ಸು ಗೆದ್ದಿತು. 98 ಸಿಸಿಯ ಪುಟ್ಟ ಎಂಜಿನು, 11 ಅಶ್ವಶಕ್ತಿ, ನೂರು ಕಿಲೋದ ಆಸುಪಾಸಿನ ತೂಕ. ಎರಡು ಸ್ಟ್ರೋಕಿನ ಎಂಜಿನಿನಲ್ಲಿ ಪಿಸ್ಟನ್ನಿನ ಪ್ರತಿ ಸುತ್ತಿಗೂ ಒಮ್ಮೆ ಇಂಧನ ಉರಿಯುತ್ತದೆ, ನಾಲ್ಕು ಸ್ಟ್ರೋಕಿನದರಲ್ಲಿ ಎರಡು ಸುತ್ತಿಗೊಮ್ಮೆ. ಆದ್ದರಿಂದಲೇ ಕೈ ತಿರುಗಿಸಿದೊಡನೆ ಚಿಮ್ಮುವ ಆ ಗುಣ. ಅರೆಬರೆ ಉರಿದ ಎಣ್ಣೆಯ ಹೊಗೆಯೂ ಅದರ ಜೊತೆಗೇ ಬರುತ್ತಿತ್ತು. 1996ರಲ್ಲಿ ಆರ್‌ಎಕ್ಸ್ 100ರ ತಯಾರಿಕೆ ನಿಂತಿತು. ಮುಂದಿನ ಕೆಲವು ವರ್ಷಗಳಲ್ಲಿ ಬಿಗಿಯಾದ ಹೊಗೆ ನಿಯಮಗಳು ಎರಡು ಸ್ಟ್ರೋಕಿನ ಬೈಕುಗಳ ಯುಗವನ್ನೇ ಮುಗಿಸಿದವು. ಚೆನ್ನಾಗಿ ಇಟ್ಟ ಹಳೆಯ ಆರ್‌ಎಕ್ಸ್‌ಗೆ ಇಂದಿಗೂ ಹೊಸ ಬೈಕಿನ ಬೆಲೆ ಹೇಳುವವರಿದ್ದಾರೆ.

ಈಗ ಸ್ಪೋರ್ಟ್ಸ್ ಬೈಕ್ ಎಂದು ಕರೆಯುವ ಜಾತಿ ಮಧ್ಯಮ ವರ್ಗದ ಕೈಗೆಟುಕಿದ್ದು 2008ರಲ್ಲಿ ಯಮಹಾ ಆರ್15 ಬಂದ ಮೇಲೆ. 149.8 ಸಿಸಿ, ನೀರಿನಿಂದ ತಂಪಾಗುವ ಎಂಜಿನು, ಆರು ಗೇರು, ಮೈತುಂಬ ಹೊದಿಕೆ. ಬಳಿಕ 2012ರಲ್ಲಿ ಕೆಟಿಎಂ 200 ಡ್ಯೂಕ್ ಬಂತು, 2017ರ ಕೊನೆಯಲ್ಲಿ ಹೊಸೂರಿನ ಟಿವಿಎಸ್ ಕಂಪನಿ ಅಪಾಚೆ ಆರ್‌ಆರ್ 310 ತಂದಿತು. ಮೂವತ್ತು ವರ್ಷಗಳಲ್ಲಿ ಹಳ್ಳಿಯ ಹುಡುಗನ ಕೈಯಲ್ಲಿರುವ ಅಶ್ವಶಕ್ತಿ ಮೂರು ಪಟ್ಟಾಯಿತು. ಅವನು ಹಾದುಹೋಗುವ ಊರುಗಳ ದನಕರು, ಬಸ್‌ಸ್ಟ್ಯಾಂಡು, ಶಾಲೆಯ ಗೇಟುಗಳು ಇದ್ದಲ್ಲಿಯೇ ಇವೆ.

ಬಾಗಿ ಕೂರುವುದೇಕೆ

ಸ್ಪೋರ್ಟ್ಸ್ ಬೈಕಿನ ರೂಪದಲ್ಲಿ ಅಲಂಕಾರಕ್ಕಿಂತ ಲೆಕ್ಕಾಚಾರ ಹೆಚ್ಚು. ವೇಗ ಎರಡು ಪಟ್ಟಾದರೆ ಗಾಳಿಯ ಪ್ರತಿರೋಧ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಮುಂಭಾಗಕ್ಕೆ ಗಾಳಿ ಸೀಳುವ ಹೊದಿಕೆ. ಸವಾರನೂ ಅದರ ಹಿಂದೆ ಅಡಗುವಂತೆ ತಗ್ಗಿದ ಹ್ಯಾಂಡಲು, ಹಿಂದಕ್ಕೆ ಸರಿದ ಕಾಲುಮೆಟ್ಟು. ಹೀಗೆ ಬಾಗಿದಾಗ ಮೈಭಾರ ಮುಂದಿನ ಚಕ್ರದ ಮೇಲೆ ಬಿದ್ದು ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ. ಇವೆಲ್ಲ ಓಟದ ಟ್ರ್ಯಾಕಿನಲ್ಲಿ ಹುಟ್ಟಿದ ಏರ್ಪಾಡುಗಳು. ಅಲ್ಲಿ ಎಲ್ಲರೂ ಒಂದೇ ದಿಕ್ಕಿನಲ್ಲಿ ಓಡುತ್ತಾರೆ, ಎದುರಿನಿಂದ ಯಾರೂ ಬರುವುದಿಲ್ಲ, ತಿರುವಿನಾಚೆ ಎಮ್ಮೆ ಮಲಗಿರುವುದಿಲ್ಲ. ಪೇಟೆಯೊಳಗೆ ಇದೇ ಭಂಗಿ ಮಣಿಕಟ್ಟು ಮತ್ತು ಸೊಂಟದ ನೋವಾಗುತ್ತದೆ. ಕತ್ತು ಬಾಗಿದ ಸವಾರನಿಗೆ ಬದಿಯ ದಾರಿಯಿಂದ ನುಗ್ಗುವ ಆಟೋ ತಡವಾಗಿ ಕಾಣುತ್ತದೆ.

ಇಂಥ ಬೈಕಿನ ನಿಜವಾದ ಹಿರಿಮೆ ಓಡುವುದಕ್ಕಿಂತ ನಿಲ್ಲುವುದರಲ್ಲಿದೆ. ಬ್ರೇಕು ಹಾಕಿದೊಡನೆ ಭಾರವೆಲ್ಲ ಮುಂದಿನ ಚಕ್ರಕ್ಕೆ ಸರಿಯುತ್ತದೆ. ನಿಲ್ಲಿಸುವ ಶಕ್ತಿಯ ಬಹುಪಾಲು ಬರುವುದು ಮುಂದಿನ ಡಿಸ್ಕ್ ಬ್ರೇಕಿನಿಂದ. ಮುಂದಿನ ಬ್ರೇಕು ಹಾಕಿದರೆ ಪಲ್ಟಿ ಹೊಡೆಯುತ್ತದೆ ಎಂದು ಹೆದರಿ ಹಿಂದಿನದನ್ನಷ್ಟೇ ತುಳಿಯುವ ಅಭ್ಯಾಸ ಹಲವರಿಗೆ ಹಳೆಯ ಗಾಡಿಗಳಿಂದ ಬಂದದ್ದು. 2019ರ ಏಪ್ರಿಲಿನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರತೊಡಗಿದರೆ ಅದು ಕ್ಷಣಕ್ಷಣಕ್ಕೂ ಬ್ರೇಕನ್ನು ಸಡಿಲಿಸಿ ಹಿಡಿಯುತ್ತದೆ. ಆದರೆ ರಸ್ತೆಯಲ್ಲೂ ಟೈರಿನಲ್ಲೂ ಇಲ್ಲದ ಹಿಡಿತವನ್ನು ಎಬಿಎಸ್ ಎಲ್ಲಿಂದಲೂ ತಂದುಕೊಡಲಾರದು.

ಈ ಮಾತನ್ನು ಅಂಕಿಗಳಲ್ಲಿಟ್ಟು ನೋಡಬಹುದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸವಾರ ಅಡ್ಡಿಯನ್ನು ಕಂಡು ಬ್ರೇಕು ಹಿಡಿಯಲು ಒಂದು ಸೆಕೆಂಡು ತೆಗೆದುಕೊಂಡರೆ ಅಷ್ಟರಲ್ಲೇ ಬೈಕು 14 ಮೀಟರ್ ಮುಂದೆ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಇನ್ನು 14 ಮೀಟರಿನಲ್ಲಿ ನಿಲ್ಲಿಸುತ್ತದೆ. ವೇಗ 100 ಆದಾಗ ಮೊದಲ ಅಂಕಿ 28 ಮೀಟರಾಗುತ್ತದೆ, ಎರಡನೆಯದು 55ಕ್ಕೆ ಏರುತ್ತದೆ. ಒಟ್ಟು 83 ಮೀಟರ್. ರಸ್ತೆ ಒದ್ದೆಯಾಗಿ ಹಿಡಿತ ಅರ್ಧಕ್ಕಿಳಿದರೆ ಬ್ರೇಕಿನ ದೂರವೇ 110 ಮೀಟರ್, ಎಲ್ಲ ಸೇರಿ ಸುಮಾರು 140. ಹೆಚ್ಚುಕಡಿಮೆ ಐಕಳ ಕಂಬಳದ ಕರೆಯಷ್ಟು ಉದ್ದ. ಅಷ್ಟು ದೂರದಲ್ಲಿ ರಸ್ತೆ ದಾಟುತ್ತಿರುವ ಮುದುಕಿಯನ್ನು ಈಗಲೇ ಕಾಣದಿದ್ದರೆ ಬೈಕು ಎಷ್ಟೇ ದುಬಾರಿಯದಾದರೂ ನಿಲ್ಲುವುದಿಲ್ಲ.

ಉಪ್ಪು ಮಾಡುವ ಕೆಲಸ

ಈ ಲೆಕ್ಕವೆಲ್ಲ ಬೈಕು ಹೊಸದಾಗಿದ್ದಾಗಿನದು. ಕರಾವಳಿಯಲ್ಲಿ ಬೈಕು ಹೊಸದಾಗಿ ಉಳಿಯುವುದು ಬಹಳ ಕಾಲವಲ್ಲ. ಅಲೆ ಒಡೆಯುವಲ್ಲಿ ಸಿಡಿಯುವ ನೀರಿನ ಸಣ್ಣ ಹನಿಗಳು ಗಾಳಿಯಲ್ಲಿ ತೇಲಿ ಒಳನಾಡಿಗೆ ಬರುತ್ತವೆ. ಮರವಂತೆಯಂಥಲ್ಲಿ, ಒಂದು ಬದಿ ಕಡಲು ಇನ್ನೊಂದು ಬದಿ ಸೌಪರ್ಣಿಕಾ ನದಿ ಇರುವ ರಸ್ತೆಯಲ್ಲಿ, ಸಂಜೆ ಅರ್ಧ ಗಂಟೆ ನಿಂತರೂ ಹೆಲ್ಮೆಟಿನ ಗಾಜು ಜಿಗುಟಾಗುತ್ತದೆ. ಆ ಜಿಗುಟು ಉಪ್ಪಿನದು.

ಉಪ್ಪಿಗೆ ಒಂದು ಗುಣವಿದೆ. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪಿನ ಕಣ ಆ ತೇವವನ್ನು ಹೀರಿ ತಾನೇ ನೀರಾಗುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ಒದ್ದೆಯಾಗುವುದು ಇದರಿಂದಲೇ. ಕರಾವಳಿಯ ರಾತ್ರಿಗಳಲ್ಲಿ ತೇವ ಸಾಮಾನ್ಯವಾಗಿ ಈ ಗಡಿಯನ್ನು ದಾಟಿಯೇ ಇರುತ್ತದೆ. ಹಾಗಾಗಿ ಮಳೆಯಿಲ್ಲದ ಜನವರಿಯಲ್ಲೂ ಮನೆಯಂಗಳದಲ್ಲಿ ನಿಂತ ಬೈಕಿನ ಮೇಲೆ ರಾತ್ರಿಯಿಡೀ ಉಪ್ಪುನೀರಿನ ತೆಳು ಪದರವಿರುತ್ತದೆ. ಕಬ್ಬಿಣಕ್ಕೆ ತುಕ್ಕು, ತಾಮ್ರದ ತಂತಿಗೆ ಹಸಿರು ಕಿಲುಬು, ಅಲ್ಯೂಮಿನಿಯಮ್ಮಿಗೆ ಬಿಳಿ ಹುಡಿ. ಅಲ್ಯೂಮಿನಿಯಮ್ ಭಾಗಕ್ಕೆ ಉಕ್ಕಿನ ಬೋಲ್ಟು ಕೂಡಿಸಿದಲ್ಲಿ ಉಪ್ಪುನೀರು ಸಣ್ಣದೊಂದು ಬ್ಯಾಟರಿಯಂತೆ ಕೆಲಸಮಾಡಿ ಎರಡನ್ನೂ ಕಚ್ಚಿಸಿಬಿಡುತ್ತದೆ. ಆಮೇಲೆ ಬೋಲ್ಟು ಬಿಚ್ಚಲು ಹೋದರೆ ಅದು ತುಂಡಾಗಿಯೇ ಬರುತ್ತದೆ.

ಟಾರ್ಪಾಲು ಹೊದಿಸಿದರೆ ಬೈಕು ಸುರಕ್ಷಿತ ಎಂಬ ನಂಬಿಕೆ ಇಲ್ಲಿ ವ್ಯಾಪಕ. ವಾಸ್ತವ ಸ್ವಲ್ಪ ಬೇರೆ. ಬಯಲಲ್ಲಿರುವ ಲೋಹದ ಮೇಲಿನ ಉಪ್ಪನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಮರೆಯಲ್ಲಿರುವ ಲೋಹದ ಮೇಲೆ ಅದು ಹಾಗೆಯೇ ಉಳಿಯುತ್ತದೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ಸಿಕ್ಕಿಬಿದ್ದ ತೇವ ಹೊರಬರಲಾರದೆ ಅಲ್ಲೇ ಹನಿಗಟ್ಟುತ್ತದೆ. ಮಳೆಗಾಲದಲ್ಲಿ ಬೈಕನ್ನು ಒಳಗಿಡುವವರು ಮೊದಲು ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಲೋಹದ ಭಾಗಗಳಿಗೆ ತೆಳುವಾಗಿ ಎಣ್ಣೆ ಸವರಿ, ಗಾಳಿಯಾಡುವ ಹತ್ತಿಬಟ್ಟೆ ಹೊದಿಸುವುದು ಮೇಲು. ತೊಳೆಯುವ ನೀರನ್ನೂ ನೋಡಿಕೊಳ್ಳಬೇಕು. ಗಂಗೊಳ್ಳಿಯಂಥ ಅಳಿವೆ ಬದಿಯ ಊರುಗಳಲ್ಲಿ ಬೇಸಿಗೆ ಬಂತೆಂದರೆ ಎಷ್ಟೋ ಬಾವಿಗಳ ನೀರೇ ಉಪ್ಪಾಗುತ್ತದೆ. ಅದರಲ್ಲಿ ದಿನಾ ತೊಳೆದ ಬೈಕು ತೊಳೆಯದ ಬೈಕಿಗಿಂತ ಬೇಗ ಹಾಳಾಗುತ್ತದೆ.

ಫೋಟೋಕ್ಕಾಗಿ ತ್ರಾಸಿಯ, ಬೈಂದೂರು ಸೋಮೇಶ್ವರದ ಮರಳಿಗೆ ಬೈಕು ಇಳಿಸುವ ಹವ್ಯಾಸ ಈಚೆಗೆ ಹೆಚ್ಚಿದೆ. ಒದ್ದೆ ಮರಳು ಚೈನಿನ ಸಂದುಗಳಲ್ಲಿ ಸಾಣೆಕಲ್ಲಿನಂತೆ ಕೆಲಸಮಾಡುತ್ತದೆ. ಇಂದಿನ ಬೈಕುಗಳ ಚೈನಿನ ಕೊಂಡಿಗಳ ನಡುವೆ ರಬ್ಬರಿನ ಸಣ್ಣ ಉಂಗುರಗಳಿವೆ. ಒಳಗಿನ ಗ್ರೀಸು ಹೊರಬಾರದಂತೆ, ಹೊರಗಿನ ನೀರು ಒಳಹೋಗದಂತೆ ಅವು ಕಾಯುತ್ತವೆ. ಪೆಟ್ರೋಲು ಹಾಕಿ ತಂತಿ ಬ್ರಷ್ಷಿನಲ್ಲಿ ತಿಕ್ಕಿದರೆ ಉಂಗುರ ಹರಿಯುತ್ತದೆ. ಮೆದುವಾದ ಬ್ರಷ್ಷು, ಚೈನಿಗೆಂದೇ ಬರುವ ದ್ರಾವಣ, ಒಣಗಿದ ಮೇಲೆ ಚೈನಿನ ಎಣ್ಣೆ, 500 ಕಿಲೋಮೀಟರಿಗೊಮ್ಮೆ ಮತ್ತು ಮಳೆಯಲ್ಲಿ ನೆನೆದಾಗಲೆಲ್ಲ. ಇಷ್ಟು ಮಾಡಿದವನ ಚೈನು ಮಾಡದವನದಕ್ಕಿಂತ ಎಷ್ಟೋ ಕಾಲ ಹೆಚ್ಚು ಬಾಳುತ್ತದೆ.

ಮುಂದಿನ ಫೋರ್ಕಿನ ವಿಷಯ ಇನ್ನೂ ಗಹನ. ಹೊಳೆಯುವ ಆ ಉಕ್ಕಿನ ಕೊಳವೆಯ ಮೇಲೆ ಉಪ್ಪು ಕೂತು ಸೂಜಿಮೊನೆಯಷ್ಟು ಗುಳಿ ಬೀಳುತ್ತದೆ. ಫೋರ್ಕು ಮೇಲೆ ಕೆಳಗೆ ಆಡುವಾಗ ಆ ಗುಳಿಯ ಅಂಚು ಎಣ್ಣೆ ಹಿಡಿದಿಡುವ ರಬ್ಬರ್ ಸೀಲನ್ನು ಸವೆಸುತ್ತದೆ. ಸೀಲು ಹರಿದರೆ ಎಣ್ಣೆ ಸೋರುತ್ತದೆ, ಸೋರಿದ ಎಣ್ಣೆ ಕೆಳಗಿರುವ ಬ್ರೇಕಿನ ಡಿಸ್ಕಿನ ಮೇಲೆ ಬೀಳುತ್ತದೆ. ಗುಳಿ ಬಿದ್ದಾಗ ಒರೆಸದೆ ಬಿಟ್ಟದ್ದು ಕೊನೆಗೆ ಬ್ರೇಕು ಹಿಡಿಯದಿರುವುದಕ್ಕೆ ಕಾರಣವಾಗುತ್ತದೆ. ಒಂದು ಒದ್ದೆ ಬಟ್ಟೆ, ಆಮೇಲೆ ಒಂದು ಒಣ ಬಟ್ಟೆ, ದಿನಕ್ಕೆ ಒಂದು ನಿಮಿಷ ಇದ್ದರೆ ಇದನ್ನು ತಡೆಯಬಹುದು.

ನೀರು ಕುಡಿಯುವ ಎಣ್ಣೆ

ಕಣ್ಣಿಗೆ ಕಾಣದ ಹಾಳು ಬ್ರೇಕಿನ ಎಣ್ಣೆಯದು. ಡಿಸ್ಕ್ ಬ್ರೇಕಿನಲ್ಲಿ ಕೈಬೆರಳಿನ ಒತ್ತಡವನ್ನು ಚಕ್ರದವರೆಗೆ ಒಯ್ಯುವುದು ಒಂದು ದ್ರವ. ಸಾಮಾನ್ಯವಾಗಿ ಬಳಸುವ ಡಾಟ್ 4 ಎಂಬ ದ್ರವ ಗಾಳಿಯಲ್ಲಿನ ತೇವವನ್ನು ತಾನಾಗಿ ಹೀರಿಕೊಳ್ಳುತ್ತದೆ. ಹೊಸದಾಗಿದ್ದಾಗ ಅದು ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಟ್ಟ 155ಕ್ಕೆ ಇಳಿಯಬಹುದು. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನೋ ಹುಲಿಕಲ್ಲಿನ ಬಾಳೆಬರೆ ಘಾಟಿಯನ್ನೋ ಬ್ರೇಕು ಹಿಡಿದುಕೊಂಡೇ ಇಳಿದರೆ ಡಿಸ್ಕು ಕಾದು ಆ ಬಿಸಿ ದ್ರವಕ್ಕೆ ತಟ್ಟುತ್ತದೆ. ದ್ರವ ಕುದಿದಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಲಿವರು ಹಿಡಿಯವರೆಗೆ ಬಂದು ತಾಗುತ್ತದೆ, ಚಕ್ರ ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಈ ಎಣ್ಣೆ ಬದಲಿಸಬೇಕೆಂಬ ಸಾಮಾನ್ಯ ನಿಯಮವನ್ನು ಇಷ್ಟು ತೇವದ ನಾಡಿನಲ್ಲಿ ಮೀರಲೇಬಾರದು. ಇಳಿಜಾರಿನಲ್ಲಿ ಗೇರು ಇಳಿಸಿ ಎಂಜಿನನ್ನೇ ಬ್ರೇಕಿನಂತೆ ಬಳಸುವುದು ಇದರ ಇನ್ನೊಂದು ಪಾಠ.

ಪೆಟ್ರೋಲೂ ಈಗ ಹಿಂದಿನದಲ್ಲ. 2025ರ ಹೊತ್ತಿಗೆ ದೇಶದಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬಳಕೆಗೆ ಬಂತು. ಎಥೆನಾಲ್ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ಅರ್ಧ ಟ್ಯಾಂಕಿನಲ್ಲಿ ಮಳೆಗಾಲವಿಡೀ ನಿಂತ ಬೈಕಿನ ಖಾಲಿ ಅರ್ಧದಲ್ಲಿ ತೇವದ ಗಾಳಿಯಿರುತ್ತದೆ. ಹಳೆಯ ಆರ್‌ಎಕ್ಸ್‌ಗಳ ರಬ್ಬರ್ ಭಾಗಗಳು ಎಥೆನಾಲಿಗೆ ತಕ್ಕಂತೆ ಮಾಡಿದವಲ್ಲ. ದೀರ್ಘಕಾಲ ನಿಲ್ಲಿಸುವ ಮುಂಚೆ ಟ್ಯಾಂಕು ತುಂಬಿಸುವುದು, ಕಾರ್ಬ್ಯುರೇಟರ್ ಇದ್ದರೆ ಅದನ್ನು ಬರಿದು ಮಾಡುವುದು, ಬ್ಯಾಟರಿಯ ಋಣ ತಂತಿ ಕಳಚುವುದು ಈ ಮೂರೂ ಹತ್ತು ನಿಮಿಷದ ಕೆಲಸ.

ರಸ್ತೆಯೂ ಬದಲಾಗಿದೆ

ಬ್ರಹ್ಮಾವರದಿಂದ ಬೈಂದೂರಿಗೆ ಹೋಗುವ ಹೆದ್ದಾರಿ ಹಿಂದೆ ರಾಷ್ಟ್ರೀಯ ಹೆದ್ದಾರಿ 17, ಈಗ 66. ಎರಡು ಲೇನಿನ ಕಾಲದಲ್ಲಿ ಅದರ ತಿರುವುಗಳೂ ಎದುರು ಬರುವ ಬಸ್ಸುಗಳೂ ಸವಾರನ ವೇಗಕ್ಕೆ ತಾವಾಗಿಯೇ ಕಡಿವಾಣ ಹಾಕುತ್ತಿದ್ದವು. 2010ರ ಬಳಿಕದ ವರ್ಷಗಳಲ್ಲಿ ರಸ್ತೆ ಚತುಷ್ಪಥವಾಯಿತು, ತಿರುವುಗಳು ನೇರವಾದವು. ಆದರೆ ಊರುಗಳು ರಸ್ತೆಯ ಎರಡೂ ಬದಿಗೆ ಮೊದಲಿನಂತೆಯೇ ಇವೆ. ಗದ್ದೆ ಒಂದು ಬದಿ, ಮನೆ ಇನ್ನೊಂದು ಬದಿ. ದೇವಸ್ಥಾನ ಒಂದು ಬದಿ, ಬಸ್ ನಿಲ್ದಾಣ ಇನ್ನೊಂದು ಬದಿ. ಡಿವೈಡರಿನ ಸಂದಿಯಲ್ಲಿ ಹಾಲಿನ ಕ್ಯಾನು ಹಿಡಿದು ದಾಟುವವರ ಅಂದಾಜು ಹಳೆಯ ವೇಗದ್ದು, ಬರುವ ಬೈಕು ಹೊಸ ವೇಗದ್ದು.

ಇಲ್ಲಿಯ ರಸ್ತೆಯ ಜಾರುಗುಣವನ್ನು ಬೇರೆ ಊರಿನವರು ಊಹಿಸಲಾರರು. ಮಲ್ಪೆ, ಗಂಗೊಳ್ಳಿಗಳಿಂದ ಹೊರಡುವ ಮೀನಿನ ಲಾರಿಗಳಿಂದ ಮಂಜುಗಡ್ಡೆ ಕರಗಿದ ನೀರು ಮೀನಿನ ಜಿಡ್ಡಿನೊಂದಿಗೆ ತೊಟ್ಟಿಕ್ಕುತ್ತದೆ. ಮೊದಲ ಮಳೆ ಬಿದ್ದಾಗ ತಿಂಗಳುಗಟ್ಟಲೆ ಶೇಖರವಾದ ಎಣ್ಣೆ, ಧೂಳು, ಟೈರಿನ ಹುಡಿ ಸೇರಿ ಸಾಬೂನಿನಂಥ ಪದರವಾಗುತ್ತದೆ. ಚೆನ್ನಾಗಿ ನಾಲ್ಕು ಮಳೆ ಬಂದು ಅದು ಕೊಚ್ಚಿಹೋಗುವವರೆಗೆ ಅಪಾಯ ಹೆಚ್ಚು. ಕ್ವಾರಿಯಿಂದ ಬರುವ ಮುರಕಲ್ಲಿನ ಲಾರಿಗಳ ಚಕ್ರಕ್ಕಂಟಿದ ಕೆಂಪುಮಣ್ಣು ಅಡ್ಡರಸ್ತೆ ಸೇರುವಲ್ಲೆಲ್ಲ ಹರಡಿರುತ್ತದೆ. ತಿರುವಿನಲ್ಲಿ ಮೈ ವಾಲಿಸಿ ಹೋಗುವ ಸ್ಪೋರ್ಟ್ಸ್ ಬೈಕಿಗೆ ಇವುಗಳಲ್ಲಿ ಯಾವುದೊಂದಾದರೂ ಸಾಕು. ನೀರು ಚದುರಿಸುವ ಗೀರುಗಳು ಸವೆದ ಟೈರು ನೀರಿನ ಮೇಲೆ ತೇಲತೊಡಗುತ್ತದೆ. ಗೀರು ಉಳಿದಿದ್ದರೂ ವಯಸ್ಸಾದ ಟೈರಿನ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ವರ್ಷದಲ್ಲಿ ಎರಡು ವಾರವಷ್ಟೇ ಓಡುವ ಬೈಕುಗಳ ಟೈರು ನೋಡಲು ಹೊಸದಾಗಿರುವುದರಿಂದ ಮಾಲೀಕ ಮೋಸಹೋಗುವುದು ಇಲ್ಲಿಯೇ. ಟೈರಿನ ಬದಿಯಲ್ಲಿ ಒತ್ತಿರುವ ನಾಲ್ಕು ಅಂಕಿಗಳು ಅದರ ಜಾತಕ: ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ.

ಸವಾರನ ಕೈಯ ಸ್ಪ್ಯಾನರು

ಬೈಕು ಓಡಿಸುವವನಿಗೆ ಅದರ ಹೊಟ್ಟೆಯೊಳಗಿನ ವಿಚಾರ ಏಕೆ ಬೇಕು, ಮೆಕ್ಯಾನಿಕ್ ಇಲ್ಲವೇ ಎಂದು ಕೇಳುವವರುಂಟು. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಉಡುಪಿಯ ಕೆ.ಪಿ. ಅರವಿಂದ್ 2019ರ ಜನವರಿಯಲ್ಲಿ ಪೆರು ದೇಶದಲ್ಲಿ ನಡೆದ ಡಕಾರ್ ರ್‍ಯಾಲಿಯನ್ನು 37ನೆಯ ಸ್ಥಾನದಲ್ಲಿ ಮುಗಿಸಿದರು. ಅದಕ್ಕೆ ಹಿಂದಿನ ಎರಡು ವರ್ಷ, 2017 ಮತ್ತು 2018ರಲ್ಲಿ, ಅವರು ಅರ್ಧದಲ್ಲೇ ಹಿಂದೆಸರಿಯಬೇಕಾಗಿತ್ತು. ಅದೇ 2019ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದು ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದರು. ಮರಳುಗಾಡಿನ ಈ ಓಟಗಳ ಬೈಕು ಬೇರೆ ಜಾತಿಯದು. ಆದರೆ ಡಕಾರಿನಲ್ಲಿ ಮ್ಯಾರಥಾನ್ ಹಂತವೆಂಬ ಒಂದು ನಿಯಮವಿದೆ. ಆ ರಾತ್ರಿ ತಂಡದ ಮೆಕ್ಯಾನಿಕ್‌ಗಳು ಬೈಕು ಮುಟ್ಟುವಂತಿಲ್ಲ. ದಿನವಿಡೀ ಓಡಿ ದಣಿದ ಸವಾರರೇ ಸ್ಪ್ಯಾನರು ಹಿಡಿದು ಮರುದಿನಕ್ಕೆ ಸಿದ್ಧಗೊಳಿಸಬೇಕು. ಬೈಕನ್ನು ತಿಳಿದವನೇ ಅದನ್ನು ಉಳಿಸಿಕೊಂಡು ಓಡಿಸಬಲ್ಲ ಎಂಬುದು ಆ ನಿಯಮದ ಒಳಗಿನ ಮಾತು.

ಯೆಜ್ಡಿ, ಆರ್‌ಎಕ್ಸ್ ಕಾಲದ ಸವಾರರಿಗೆ ಈ ತಿಳಿವಳಿಕೆ ಅನಿವಾರ್ಯವಾಗಿತ್ತು. ಪ್ಲಗ್ಗು ಬಿಚ್ಚಿ ಉಜ್ಜುವುದು, ಪಾಯಿಂಟು ಸರಿಮಾಡುವುದು, ಕ್ಲಚ್ ವಯರು ಹಾಕುವುದು ಬಾರದವನು ದಾರಿಯಲ್ಲೇ ಉಳಿಯುತ್ತಿದ್ದ. ಇಂದಿನ ಬೈಕಿನಲ್ಲಿ ಕಂಪ್ಯೂಟರು ಕೂತಿದೆ. ದೋಷ ಹುಡುಕಲು ಗ್ಯಾರೇಜಿಗೂ ಸ್ಕ್ಯಾನರು ಬೇಕು, ಕೆಲವು ಬಿಡಿಭಾಗಗಳು ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಬರಬೇಕು. ಬೈಕು ಸುಲಭಕ್ಕೆ ಕೆಡುವುದಿಲ್ಲ, ಆದ್ದರಿಂದ ಸವಾರ ಅದನ್ನು ನೋಡುವುದೂ ಇಲ್ಲ. ನೋಡುವ ಬದಲು ಸೈಲೆನ್ಸರು ಬದಲಿಸಿ ಶಬ್ದ ಹೆಚ್ಚಿಸುವುದಕ್ಕೆ ಹಣ ಹೋಗುತ್ತದೆ. ಕಂಪನಿ ಕೊಟ್ಟ ರೂಪವನ್ನು ಹಾಗೆ ಬದಲಿಸುವುದು ಕಾನೂನಿಗೆ ವಿರುದ್ಧ, ಆಸ್ಪತ್ರೆಯ ಬಳಿ ಮಲಗಿದವರಿಗೆ ಹಿಂಸೆ. ಆ ಹಣದಲ್ಲಿ ಬ್ರೇಕಿನ ಪ್ಯಾಡು, ಎಣ್ಣೆ, ಟೈರು ಬಂದುಬಿಡುತ್ತಿತ್ತು.

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಶೇಕಡಾ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹದಿನೆಂಟು ತುಂಬದ ಹುಡುಗನ ಕೈಗೆ ಬೈಕು ಕೊಟ್ಟು ಅಪರಾಧವಾದರೆ 2019ರ ತಿದ್ದುಪಡಿಯ ಪ್ರಕಾರ ಹೆತ್ತವರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷಕ್ಕೆ ರದ್ದಾಗುತ್ತದೆ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿನ ಜೊತೆ 5 ವರ್ಷದ ಮೂರನೆಯವರ ವಿಮೆ ಕಡ್ಡಾಯ. ಆರನೆಯ ವರ್ಷ ಅದು ಮುಗಿದದ್ದು ಎಷ್ಟೋ ಮನೆಗಳಲ್ಲಿ ನೆನಪಾಗುವುದು ಅಪಘಾತವಾದ ಮೇಲೆ.

ಹಾಗೆಂದು ಓಟದ ಬೈಕನ್ನು ಮನೆಯಿಂದ ದೂರವಿಡಬೇಕೆಂದೇನೂ ಇಲ್ಲ. ಡಿಸೆಂಬರಿನ ಮುಂಜಾನೆ ಕೊಲ್ಲೂರಿನ ಕಾಡುದಾರಿಯಲ್ಲಿ ಮಂಜು ಸೀಳಿಕೊಂಡು ಹೋಗುವ ಸಂತೋಷ ನಿಜವಾದದ್ದು, ಚೆನ್ನಾಗಿ ಮಾಡಿದ ಯಂತ್ರ ಚೆನ್ನಾಗಿ ಓಡುವುದನ್ನು ಅನುಭವಿಸುವುದು ಸಣ್ಣ ಸುಖವಲ್ಲ. ಕೋಣ ಕೊಂಡ ಮನೆಯವರು ಹುರುಳಿಯ ಖರ್ಚನ್ನು ಮೊದಲೇ ಲೆಕ್ಕ ಹಾಕುತ್ತಾರೆ, ನೋಡಿಕೊಳ್ಳಲು ಆಳು ಗೊತ್ತುಮಾಡುತ್ತಾರೆ. ಬೈಕು ಕೊಳ್ಳುವ ಮನೆಯಲ್ಲೂ ಹಾಗೆಯೇ ಟೈರು, ಬ್ರೇಕಿನ ಎಣ್ಣೆ, ಚೈನು, ಒಳ್ಳೆಯ ಹೆಲ್ಮೆಟ್ಟು ಇವುಗಳ ವರ್ಷದ ಖರ್ಚು ಬೆಲೆಯ ಜೊತೆಯಲ್ಲೇ ಲೆಕ್ಕಕ್ಕೆ ಬರಬೇಕು. ಬೆಂಗಳೂರಿನಿಂದ ಬೈಕಿಗೆ ಹಣ ಕಳಿಸಿದ ಅಣ್ಣ ಮುಂದಿನ ವರ್ಷ ಟೈರಿಗೂ ಕಳಿಸಬೇಕು. ತಾನು ರಜೆಯಲ್ಲಿ ಬಂದಾಗ ಕೀಲಿ ತಿರುಗಿಸುವ ಮುಂಚೆ ಬ್ರೇಕಿನ ಲಿವರನ್ನು ಒಮ್ಮೆ ಹಿಡಿದು ನೋಡಬೇಕು.